ಎಮ್ಮೆ ಕರೆಯುವ ಹೊತ್ತಿಗೆ ಮರಳುವ ಬಸ್ಸು

ಮೊನ್ನೆ ಹಾಸನದ ಮಗಳ ಮನೆಯಲ್ಲಿ ಬೇಸಿಗೆ ರಜೆಯ ಪ್ರವಾಸದ ಬಗ್ಗೆ ಮಹಾಸಭೆ ಸೇರಿತ್ತು. ಅಳಿಯ ಸೋಫಾದ ಮೇಲೆ ಕಾಲು ಮಡಚಿ ಕೂತು ಮೊಬೈಲಿನಲ್ಲಿ ಒಂದರ ಹಿಂದೊಂದು ಟೂರಿಸ್ಟ್ ಬಸ್ಸು ತೋರಿಸುತ್ತಿದ್ದ. ಗೈಡ್ ಇರುವುದು, ಗೈಡ್ ಇಲ್ಲದ್ದು, ಊಟ ಅವರದೇ ಆದದ್ದು, ಊಟವನ್ನು ನಮ್ಮ ಹಣೆಬರಹಕ್ಕೆ ಬಿಟ್ಟದ್ದು. ಮೊಮ್ಮಕ್ಕಳು ಎರಡು ಕಡೆಯಿಂದಲೂ ಅವನ ಹೆಗಲೇರಿ, ನೀರಲ್ಲಿ ಆಡಲು ಸಿಗದ ಊರುಗಳನ್ನೆಲ್ಲ ಬೆರಳಿನಿಂದ ತಳ್ಳಿಹಾಕುತ್ತಿದ್ದವು. ಕೊನೆಗೆ, ಹಿರಿಯರನ್ನೂ ಒಂದು ಮಾತು ಕೇಳಬೇಕೆಂಬ ಶಾಸ್ತ್ರಕ್ಕೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕೇಳಿದ್ದು ಇಷ್ಟೇ:

"ಮನೇಲಿ ಯಾರು ಉಳ್ಕೋತೀರಿ?"

"ಯಾರೂ ಉಳಿಯಲ್ಲಮ್ಮ. ಬೀಗ ಹಾಕ್ಕೊಂಡು ಎಲ್ರೂ ಹೋಗೋದು," ಎಂದಳು ಮಗಳು, ನನ್ನ ವಯಸ್ಸನ್ನು ಮನ್ನಿಸುವ ದನಿಯಲ್ಲಿ.

ಬೀಗ ಹಾಕಿ ಎಲ್ಲರೂ ಹೋಗಬಹುದು ಎಂಬ ಸಂಗತಿ ನನಗೂ ಗೊತ್ತಿದೆ. ಆದರೂ ಪ್ರವಾಸ ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಹಿಂದಿನ ಬಾಗಿಲ ಕಡೆ ನೋಡುತ್ತೇನೆ, ಹೊತ್ತು ಎಲ್ಲಿಗೆ ಬಂತೆಂದು ಆಕಾಶ ನೋಡುತ್ತೇನೆ. ಮಗಳ ಮನೆ ಎರಡನೇ ಮಹಡಿಯಲ್ಲಿದೆ. ಅದಕ್ಕೆ ಹಿಂದಿನ ಬಾಗಿಲೂ ಇಲ್ಲ, ಅದರಾಚೆ ಯಾರೂ ಕಾಯುತ್ತಲೂ ಇಲ್ಲ. ಈ ಚಡಪಡಿಕೆ ನನ್ನ ಸ್ವಂತ ಸಂಪಾದನೆಯಲ್ಲ. ಅಮ್ಮನ ಕಡೆಯಿಂದ ಬಂದ ಆಸ್ತಿ. ಒಡವೆಯನ್ನು ತಮ್ಮನ ಹೆಂಡತಿಗೆ ಕೊಟ್ಟಳು, ಇದನ್ನು ನನಗೆ ಬಿಟ್ಟಳು.

ಹೊಳೆನರಸೀಪುರದಲ್ಲಿ ಹೊಳೆಗೆ ಇಳಿಯುವ ಬೀದಿಯಲ್ಲಿದ್ದ ನಮ್ಮ ಮನೆಗೆ ಚಿಲಕವಿತ್ತು, ಬೀಗವಿರಲಿಲ್ಲ. ಬೀಗ ಬೇಕಾಗುವ ಸಂದರ್ಭವೇ ಆ ಮನೆಗೆ ಒದಗಿರಲಿಲ್ಲ. ಬೀದಿಗೆ ಜಗಲಿ, ಒಳಗೆ ನಾಲ್ಕು ಕಂಬದ ನಡುಮನೆ, ಪಕ್ಕದಲ್ಲಿ ಅಪ್ಪನ ಪುಸ್ತಕಗಳೂ ರಾಗಿ ಮೂಟೆಗಳೂ ಒಂದನ್ನೊಂದು ಸಹಿಸಿಕೊಂಡು ಬಾಳುತ್ತಿದ್ದ ಕೋಣೆ, ಹಿಂದೆ ಅಡುಗೆಮನೆ, ಅದರ ಹಿಂಬಾಗಿಲು ತೆಗೆದರೆ ಕೊಟ್ಟಿಗೆ. ಅಮ್ಮನ ಸಾಮ್ರಾಜ್ಯ ಈ ಕೊನೆಯ ಎರಡು. ಕೊಟ್ಟಿಗೆಯಲ್ಲಿ ಚೆಲುವಿ ಎಂಬ ಎಮ್ಮೆ ಇತ್ತು. ಹೆಸರಿಗೂ ರೂಪಕ್ಕೂ ಇರುವ ಸಂಬಂಧವನ್ನು ಯಾರೂ ಕೇಳಬಾರದು. ಚೆಲುವಿ ಅಮ್ಮನ ಕೈಗೆ ಬಿಟ್ಟರೆ ಇನ್ನೊಬ್ಬರ ಕೈಗೆ ಹಾಲು ಕೊಡುತ್ತಿರಲಿಲ್ಲ. ಬೇರೆ ಯಾರು ಹೋಗಿ ಕೂತರೂ ಮೊದಲು ಮೂಸಿ ನೋಡುವುದು, ಆಮೇಲೆ ಹಾಲನ್ನು ಮೇಲಕ್ಕೆಳೆದುಕೊಳ್ಳುವುದು, ಕೊನೆಗೆ ಚೆಂಬನ್ನು ಒದೆಯುವುದು. ಅಮ್ಮನ ತವರು ಅರಕಲಗೂಡು. ಬೆಳಗಿನ ಹಾಲು ಕರೆದು ಹೋದರೆ ಸಂಜೆಯ ಹಾಲಿಗೆ ಬಂದುಬಿಡಬೇಕು. ಸ್ವಂತ ತಂಗಿಯ ಮದುವೆಯಲ್ಲಿ ಧಾರೆ ಮುಗಿಯುತ್ತಲೇ ಊಟಕ್ಕೂ ಕೂರದೆ ಬಸ್ಸು ಹತ್ತಿದವಳು ಅವಳು. ಅಲ್ಲಿದ್ದಷ್ಟು ಹೊತ್ತೂ ಚಪ್ಪರದ ಸಂದಿನಿಂದ ಬಿಸಿಲು ನೋಡುತ್ತಿದ್ದಳಂತೆ. ತವರಿನವರು ಅವಳಿಗೆ ಗಡಿಯಾರದ ಗೌರಮ್ಮ ಎಂದು ಹೆಸರಿಟ್ಟಿದ್ದರು. ಕೈಯಲ್ಲಿ ಗಡಿಯಾರ ಮಾತ್ರ ಇರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಚರಿತ್ರೆ ಮೇಷ್ಟ್ರು. ಬೇಲೂರು ಹಳೇಬೀಡಿನ ಪಾಠಕ್ಕೆ ಅವರು ಎದ್ದು ನಿಂತರೆ ಪಕ್ಕದ ತರಗತಿಯ ಹುಡುಗರೂ ಕಿಟಕಿಗೆ ಕಿವಿಗೊಡುತ್ತಿದ್ದರಂತೆ. ಆ ಎರಡೂ ಊರನ್ನು ಅವರು ಕಣ್ಣಿಂದ ಕಂಡಿರಲಿಲ್ಲ. ಇದರಲ್ಲಿ ಮೋಸವೇನೂ ಇಲ್ಲ, ನಮ್ಮ ಜಿಲ್ಲೆಯವರ ಕುಲಧರ್ಮವೇ ಹಾಗೆ. ಪರದೇಶದವರು ವಿಮಾನ ಹತ್ತಿ ಬಂದು ನೋಡಿ ಹೋಗುವುದನ್ನು ನಾವು "ಇಲ್ಲೇ ಐತಲ್ಲ, ಯಾವತ್ತಾರ ಹೋದ್ರಾಯ್ತು" ಎಂದು ಮುಂದಿನ ಪೀಳಿಗೆಗೆ ಬಿಟ್ಟಿರುತ್ತೇವೆ. ಆದರೆ ಆ ವರ್ಷ, ಪರೀಕ್ಷೆಗೆ ಸ್ವಲ್ಪ ಮುಂಚೆ, ಶಾಲೆಯ ಕೊನೆಯ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತು, "ಸಾ, ನೀವು ಬೇಲೂರು ನೋಡಿದ್ದೀರಾ ಸಾ?" ಎಂದು ಕೇಳಿಬಿಟ್ಟ. ಅಪ್ಪ ಅವನನ್ನು ಕೂರಿಸಿದರು. ಮನೆಗೆ ಬಂದವರು ತಾವು ಮಾತ್ರ ಕೂರಲಿಲ್ಲ. ನಡುಮನೆಯ ಕಂಬದಿಂದ ಕಂಬಕ್ಕೆ ನಡೆದರು, ಕೊಟ್ಟ ಕಾಫಿ ಆರಿಹೋಯಿತು, ದೀಪ ಹಚ್ಚುವ ಹೊತ್ತಿಗೆ ಒಂದು ಘೋಷಣೆ ಹೊರಬಿತ್ತು. ಈ ರಜೆಯಲ್ಲಿ ಸಂಸಾರ ಸಮೇತ ಪ್ರವಾಸ. ಎತ್ತಿನ ಗಾಡಿಯಲ್ಲೂ ಅಲ್ಲ, ಕೆಂಪು ಬಸ್ಸಿನಲ್ಲೂ ಅಲ್ಲ. ಗೈಡ್ ಇರುವ ಟೂರಿಸ್ಟ್ ಬಸ್ಸಿನಲ್ಲಿ. ಮಕ್ಕಳಿಗೆ ಜ್ಞಾನ ಬರಬೇಕು.

ಯಾವ ಬಸ್ಸು ಎಂಬ ಸಂಶೋಧನೆಯ ಭಾರ ಚಿಕ್ಕಪ್ಪ ಮಂಜಪ್ಪನ ಮೇಲೆ ಬಿತ್ತು. ಅವನಿಗೆ ಆಗಿನ್ನೂ ಕೆಲಸವಾಗಲಿ ಮದುವೆಯಾಗಲಿ ಆಗಿರಲಿಲ್ಲ, ಆದ್ದರಿಂದ ಮನೆಯ ಲೌಕಿಕ ವ್ಯವಹಾರಗಳೆಲ್ಲ ಅವನವೇ. ಮಾರನೆಯ ದಿನವೇ ಇಸ್ತ್ರಿ ಅಂಗಿ ತೊಟ್ಟು ಹಾಸನಕ್ಕೆ ಹೋಗಿ ಬಣ್ಣಬಣ್ಣದ ಕಾಗದಗಳನ್ನು ತಂದು ನಡುಮನೆಯಲ್ಲಿ ಹರವಿದ. ಅವುಗಳಲ್ಲಿ ಗಣನೆಗೆ ಬಂದದ್ದು ಮೂರು. ಧರ್ಮಸ್ಥಳ, ಸುಬ್ರಹ್ಮಣ್ಯ, ಉಡುಪಿ ನೋಡಿಸಿ ಸಮುದ್ರದ ದಂಡೆಯಲ್ಲಿ ತಂಗುವ ನಾಲ್ಕು ದಿನದ ಬಸ್ಸು. ಮೈಸೂರು, ಊಟಿ ಸುತ್ತಿಸುವ ಎರಡು ದಿನದ ಬಸ್ಸು. ಮತ್ತೆ, ಎಲ್ಲಕ್ಕಿಂತ ತೆಳ್ಳಗಿನ ಕಾಗದದಲ್ಲಿ, ಬೆಳಗ್ಗೆ ಹಾಸನ ಬಿಟ್ಟು ಬೇಲೂರು, ಹಳೇಬೀಡು, ಶ್ರವಣಬೆಳಗೊಳ ತೋರಿಸಿ ಸಂಜೆಗೆ ಬಿಟ್ಟುಬಿಡುವ ಬಸ್ಸು. ಅದನ್ನು ಚಿಕ್ಕಪ್ಪ ತಂದದ್ದು ಉಳಿದೆರಡರ ಗೌರವ ಹೆಚ್ಚಿಸುವುದಕ್ಕೆ.

"ಸಮುದ್ರದ್ದೇ ಸರಿ ಕಣಣ್ಣ. ಸೀಟು ಹಿಂದಕ್ಕೆ ಒರಗ್ತದಂತೆ. ಆ ಸಮುದ್ರಕ್ಕೆ ಆಚೆ ದಡಾನೇ ಕಾಣಾಕಿಲ್ವಂತೆ!" ಎಂದ ಚಿಕ್ಕಪ್ಪ.

"ಧರ್ಮಸ್ಥಳ ಐತಾ ಅದ್ರಲ್ಲಿ? ಅಂಗಾದ್ರೆ ನಾನೂ ಬತ್ತೀನಿ," ಎಂದಳು ಅಜ್ಜಿ. ಅವಳ ಮೊಣಕಾಲು ನೋವು ಅಷ್ಟು ದಿನದಿಂದ ಪಟ್ಟು ಹಿಡಿದಿದ್ದದ್ದು ಆ ಗಳಿಗೆಯಲ್ಲೇ ಸಡಿಲಿತು.

ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಸಣ್ಣ ವಿಷಯವಲ್ಲ, ಏಕೆಂದರೆ ನನ್ನ ತಮ್ಮ ಸೋಮುವಿಗೆ ಬಸ್ಸು ಹೊರಡುವ ಮೊದಲೇ ವಾಂತಿ ಬರುತ್ತಿತ್ತು. ಹಾಗಾಗಿ ಅಪ್ಪ ನಡುಮನೆಯಲ್ಲೇ ಒಂದು ಬಸ್ಸು ಕಟ್ಟಿಸಿದರು. ಜಗಲಿಯ ಬೆಂಚು, ಅಜ್ಜಿಯ ಮರದ ಪೆಟ್ಟಿಗೆ, ಎರಡು ರಾಗಿ ಮೂಟೆ ಸೀಟುಗಳಾದವು. ಸೋಮು ಕಿಟಕಿಯ ಪಕ್ಕ, ಅಂದರೆ ಕಂಬದ ಪಕ್ಕ, ಕೈಯಲ್ಲಿ ನಿಂಬೆಹಣ್ಣು. ಅಜ್ಜಿ ಪೆಟ್ಟಿಗೆಯ ಮೇಲೆ, ಅಪ್ಪ ಕೊಡೆ ಹಿಡಿದು ಮುಂದೆ, ನಾನು ರಾಗಿ ಮೂಟೆಯ ಮೇಲೆ. ಚಿಕ್ಕಪ್ಪ ಒನಕೆಯನ್ನು ಮೈಕಿನಂತೆ ಹಿಡಿಯಲು ಹೋಗಿ, ಅದು ಭಾರವೆಂದು ಲಟ್ಟಣಿಗೆ ತಂದು ಗೈಡ್ ಆದ.

"ಮಾನ್ಯ ಯಾತ್ರಿಕರೇ, ತಮ್ಮ ಬಲಕ್ಕೆ ಕಾಣ್ತಾ ಇರೋದು ಅಡುಗೆಮನೆ. ಅಗೋ ಬಾಗಿಲಲ್ಲಿ ನಿಂತಿರೋರು ನಮ್ಮತ್ತಿಗೆ. ಕಟ್ಟಡ ಕಟ್ಟಿದಾಗಿಂದ್ಲೂ ಅಲ್ಲೇ ಅವ್ರೆ. ಯಾರೂ ಮುಟ್ಬಾರ್ದು!"

ಎಲ್ಲರೂ ನಕ್ಕರು. ಅಮ್ಮನೂ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಕ್ಕಳು. ಆಗ ನನಗೆ ಕಂಡದ್ದು ಒಂದು ಸಣ್ಣ ಲೆಕ್ಕ: ಬಸ್ಸು ತುಂಬಿತ್ತು.

"ಅಮ್ಮಂದು ಯಾವ ಸೀಟು?" ಎಂದು ಕೇಳಿದೆ.

ಬಸ್ಸು ಗಕ್ಕನೆ ನಿಂತಿತು. ಅಪ್ಪ ಕೊಡೆಯ ತುದಿ ನೋಡಿಕೊಂಡರು. ಅಜ್ಜಿಯೇ ಮಾತಾಡಬೇಕಾಯಿತು.

"ಅದ್ಯಾಕಂಗ್ ಕೇಳ್ತೀಯವ್ವ? ಅವ್ಳು ಬಂದ್ಬುಟ್ರೆ ಚೆಲುವಿನ ಕರ್ಯೋರ್ಯಾರು? ನಾಕ್ ದಿನ ಕೆಚ್ಚಲು ಬಿಗುಕೊಂಡು ಎಮ್ಮೆ ಸಾಯ್ಬೇಕಾ? ನನ್ ಬೆರಳು ಬಗ್ಗಾಕಿಲ್ಲ. ಅವ್ಳ ಸೀರೆ ಉಟ್ಕಂಡು ಕುಂತ್ರೆ ಯಾರ್ಗಾದ್ರೂ ಕೊಡ್ತದೆ, ನಮ್ ದುದ್ದದ ಕಡೆ ಅಂಗೇ ಮಾಡೋದು. ಉಡೋರ್ಯಾರು, ಯೋಳಿ ನೋಡುವಾ!"

ಅಜ್ಜಿ ದುದ್ದದವಳು. ಅಲ್ಲಿ ಹಾಲು ಕರೆಯುವವಳು ಬಾಣಂತನಕ್ಕೋ ಜ್ವರಕ್ಕೋ ಮಲಗಿದರೆ ಮನೆಯಲ್ಲಿ ಇನ್ನೊಬ್ಬರು ಅವಳ ಒಗೆಯದ ಸೀರೆ ಉಟ್ಟು, ಅವಳ ವಾಸನೆ ಹೊತ್ತು ಎಮ್ಮೆಯ ಕೆಳಗೆ ಕೂರುವುದು ಪದ್ಧತಿ. ನಮ್ಮ ಮನೆಯಲ್ಲಿ ಉಳಿದದ್ದು ಬಗ್ಗದ ಬೆರಳಿನ ಅಜ್ಜಿ, ಚೆಂಬು ಹಿಡಿಯಲು ಬಾರದ ನಾನು, ಬಿಟ್ಟರೆ ಇಬ್ಬರು ಗಂಡಸರು. ಚರಿತ್ರೆ ಮೇಷ್ಟ್ರು ತಲೆಯೆತ್ತಿ ತೊಲೆಗಳನ್ನು ನೋಡಿದರು. ಗೈಡ್ ಲಟ್ಟಣಿಗೆಯನ್ನು ಒಳಗಿಡಲು ಹೋದ.

ಅಮ್ಮ ಒಲೆಯ ಕಡೆ ತಿರುಗಿದಳು. ಅವಳು ಏನನ್ನೂ ಬೇಡುತ್ತಿರಲಿಲ್ಲ. ಬೇಕಾದದ್ದು ಒಳಗೇ ಕುದಿಯತೊಡಗಿದರೆ ಪಾತ್ರೆ ತಿಕ್ಕುತ್ತಿದ್ದಳು. ಆ ವಾರ ನಮ್ಮ ಮನೆಯ ಹಿತ್ತಾಳೆಯೆಲ್ಲ ದೇವಸ್ಥಾನದ ಹಿತ್ತಾಳೆಯಂತೆ ಹೊಳೆಯಿತು. ತಿಕ್ಕಿದ ಕೊಳಗವನ್ನೇ ಮತ್ತೆ ತಿಕ್ಕಿದಳು, ಗುಡಿಸಿದ ಅಂಗಳವನ್ನೇ ಗುಡಿಸಿದಳು, ಸೊಪ್ಪಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ನಾನು ಆ ಮೂರು ಕಾಗದಗಳನ್ನು ಒಯ್ದು ಅಡುಗೆಮನೆಯ ಹೊಸಿಲ ಮೇಲೆ ಕೂತು ಓದಿ ಹೇಳುತ್ತಿದ್ದೆ. ಸಮುದ್ರದ ಕಾಗದ ಓದುವಾಗ ಅವಳು ಬೆನ್ನು ಹಾಕಿ ಮುದ್ದೆ ತಿರುವುತ್ತಿದ್ದಳು, ಆದರೆ ಕೋಲು ನಿಧಾನವಾಗುತ್ತಿತ್ತು. ತೆಳ್ಳಗಿನ ಕಾಗದದ ಕೊನೆಯ ಸಾಲು ಓದಿದಾಗ ಮಾತ್ರ ತಿರುಗಿದಳು.

"ಸಂಜೆ ಬತ್ತದೆ ಅಂತ ಬರ್ದವ್ರಲ್ಲ, ಸಂಜೆ ಅಂದ್ರೆ ಯಾವಾಗ ಪುಟ್ಟಿ? ದೀಪ ಹಚ್ಚೋಕೆ ಮುಂಚೆಯಾ, ಆಮೇಲಾ?"

ಬೆಳಗೊಳದಿಂದ ಹಾಸನಕ್ಕೆ ಮರಳುವ ಬಸ್ಸು ಚನ್ನರಾಯಪಟ್ಟಣದ ಮೇಲೆ ಹೋಗುತ್ತದೆ. ಅಲ್ಲೇ ಇಳಿದು ನಮ್ಮೂರ ಬಸ್ಸು ಹಿಡಿದರೆ ಹಾಲಿನ ಹೊತ್ತಿಗೆ ಕೊಟ್ಟಿಗೆಯಲ್ಲಿರಬಹುದು. ಇದನ್ನು ಅವಳೇ, ಒಲೆಯ ಮುಂದೆ ನಿಂತು, ಯಾವ ನಕ್ಷೆಯೂ ಇಲ್ಲದೆ ಹೇಳಿದಳು. ಈ ಲೆಕ್ಕ ಆ ನಿಮಿಷದ್ದಲ್ಲ, ತಿಕ್ಕಿದ ಕೊಳಗಗಳೆಲ್ಲದರಲ್ಲೂ ಅದೇ ಇತ್ತೆಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಅವತ್ತು ನನಗೆ ಅರ್ಥವಾದದ್ದು ಇಷ್ಟು: ಈ ಜಗತ್ತಿನಲ್ಲಿ ಅಮ್ಮ ಹತ್ತಬಹುದಾದ ಬಸ್ಸು ಒಂದೇ ಇದೆ. ನಡುಮನೆಗೆ ಹೋಗಿ, ನನಗೆ ಬೇಲೂರೇ ಬೇಕು ಎಂದು ಕಂಬ ಹಿಡಿದು ಕೂತೆ. ಅಪ್ಪ ಮಕ್ಕಳ ಹಟಕ್ಕೆ ಮಣಿದವರ ಮುಖ ಮಾಡಿ ಒಪ್ಪಿಕೊಂಡರು. ಕೊನೆಯ ಬೆಂಚಿನ ಹುಡುಗ ಅವರ ನಿದ್ದೆಯನ್ನು ಆಗಲೇ ಸಾಕಷ್ಟು ತಿಂದಿದ್ದ.

"ಥೂ, ಅದು ಫಾರಿನ್‌ನೋರು ನೋಡೋದು ಕಣಣ್ಣ!" ಚಿಕ್ಕಪ್ಪ ಕುದಿದುಹೋದ. "ಹಾಸನ ಜಿಲ್ಲೇಲೇ ಹುಟ್ಟಿ ಹಾಸನ ಜಿಲ್ಲೆ ನೋಡಾಕೆ ಗೈಡಾ? ಜನ ಕೇಳಿದ್ರೆ ಉಗೀತಾರೆ. ನಾನು ಬರಾಕಿಲ್ಲ."

"ಬರ್ಬ್ಯಾಡ ಬುಡ್ಲಾ. ಕಲ್ಲು ನೋಡಾಕೆ ನಾನೂ ಓಗಾಕಿಲ್ಲ. ಇಬ್ರೂ ಮನೇಲಿರಾನ," ಎಂದಳು ಅಜ್ಜಿ. ಧರ್ಮಸ್ಥಳ ತಪ್ಪಿದ ಮೇಲೆ ಅವಳ ಮೊಣಕಾಲು ಮತ್ತೆ ನೋಯತೊಡಗಿತ್ತು.

ಹೊರಟ ದಿನ ಅಮ್ಮ ಕೋಳಿ ಕೂಗುವ ಮೊದಲೇ ಹಾಲು ಕರೆದು, ರಾಗಿ ರೊಟ್ಟಿ ಹುಚ್ಚೆಳ್ಳು ಚಟ್ನಿ ಕಟ್ಟಿ, ಬಿಚ್ಚಿದ ಹಸಿರು ಸೀರೆಯನ್ನು ಕೊಟ್ಟಿಗೆಯ ಬಿದಿರು ಗಳುವಿಗೆ ಹಾಕಿ, ಮದುವೆಯ ಸೀರೆ ಉಟ್ಟು ನಿಂತಿದ್ದಳು. ಹಾಸನದಲ್ಲಿ ಟೂರಿಸ್ಟ್ ಬಸ್ಸು ಹತ್ತಿದಾಗ ಗೈಡ್ ನಮಗೆ ಯಾವ ಊರೆಂದು ಕೇಳಿದ. ಅಪ್ಪ ಸ್ವಲ್ಪ ಕೆಮ್ಮಿ, "ಹೊರಗಿನವರು," ಎಂದರು. ಬೇಲೂರಿನಲ್ಲಿ ಅವರು ದೇವಸ್ಥಾನದ ಮುಂದೆ ಬಹಳ ಹೊತ್ತು ಕತ್ತೆತ್ತಿ ನಿಂತರು. ಆಮೇಲೆ ನನ್ನ ಕಿವಿಯಲ್ಲಿ, ಗುಟ್ಟು ಹೇಳುವವರಂತೆ, "ಪಾಠದಲ್ಲಿ ಇಷ್ಟು ದೊಡ್ಡದಾಗಿರಲಿಲ್ಲ ಕಣೇ," ಎಂದರು. ಅಮ್ಮ ಮಾತ್ರ ಕಾಲ ಮೇಲೆ ಕಾಲು ಬದಲಿಸುತ್ತ ನಿಂತಿದ್ದಳು. ಗೈಡ್ ಕನ್ನಡಿ ಹಿಡಿದ ಶಿಲಾಬಾಲಿಕೆಯನ್ನು ತೋರಿಸಿ, ಇವಳು ನೂರಾರು ವರ್ಷದಿಂದ ಹೀಗೇ ತನ್ನ ಚೆಲುವನ್ನು ನೋಡಿಕೊಳ್ಳುತ್ತಿದ್ದಾಳೆ ಎಂದ.

"ಪುರುಸೊತ್ತಾಗಿ ಅವ್ಳೆ, ಪುಣ್ಯಾತ್ಗಿತ್ತಿ," ಎಂದಳು ಅಮ್ಮ. "ಮನೇಲಿ ಎಮ್ಮೆ ಇಲ್ಲ ಅಂತ ಕಾಣ್ತದೆ."

ಹಳೇಬೀಡಿನಲ್ಲಿ ಎಲ್ಲರೂ ಗೋಡೆ ನೋಡಿದರೆ ಅವಳು ಗೋಡೆಯ ನೆರಳು ನೋಡಿದಳು. ನೆರಳು ಎಷ್ಟು ಉದ್ದವಾಯಿತೆಂದು ಅಳೆದು ಅಪ್ಪನ ಕಡೆ ತಿರುಗುವಳು, ಅಪ್ಪ ಆನೆಗಳ ಸಾಲಿನಲ್ಲಿ ಮುಳುಗಿರುವರು. ಸೋಮು ವೇಳಾಪಟ್ಟಿಗೆ ತಪ್ಪದೆ ವಾಂತಿ ಮಾಡುತ್ತಿದ್ದ. ಬಸ್ಸಿನಲ್ಲಿ ನಾನು ಅಮ್ಮನ ಪಕ್ಕ ಕೂತಿದ್ದೆ. ಅವಳ ಮುಖ ಕಿಟಕಿಯ ಕಡೆಗಿತ್ತು, ಆದರೆ ಮಡಿಲಲ್ಲಿ ಎರಡೂ ಕೈಯ ಬೆರಳುಗಳು ತಮ್ಮಷ್ಟಕ್ಕೆ ತಾವೇ ಹಾಲು ಕರೆಯುತ್ತಿದ್ದವು. ನಾನು ಒಂದು ಕೈ ಹಿಡಿದುಕೊಂಡೆ. ಇನ್ನೊಂದು ಕರೆಯುತ್ತಲೇ ಇತ್ತು.

ಶ್ರವಣಬೆಳಗೊಳದಲ್ಲಿ ಗೈಡ್ ಒಂದು ನಿಯಮ ಸಾರಿದ. ಕೆಳಗೆ ಬಸ್ಸಿನ ಹಾರನ್ ಕೇಳಿದೊಡನೆ ಬೆಟ್ಟದ ಮೇಲಿನವರೆಲ್ಲ ಇಳಿದು ಬರಬೇಕು. ಅಪ್ಪ ಬಳಲಿದ ಸೋಮುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೆಳಗೇ ಉಳಿದರು. ಅಮ್ಮ ಬಿಸಿಲು ನೋಡಿದಳು, ಬೆಟ್ಟ ನೋಡಿದಳು, ಬೇಡ ಎಂದಳು, ಆಮೇಲೆ ಚಪ್ಪಲಿ ಬಿಟ್ಟು ನನ್ನ ಕೈ ಹಿಡಿದು, ಹಗ್ಗ ಕಿತ್ತುಕೊಂಡ ಕರುವಿನ ಹಿಂದೆ ಓಡುವವಳಂತೆ ಹತ್ತತೊಡಗಿದಳು. ಕಾದ ಬಂಡೆಯ ಮೇಲೆ ನನ್ನ ಅಂಗಾಲು ಚುರುಗುಟ್ಟುತ್ತಿತ್ತು. ಮೇಲೆ ಹೋಗಿ ಬೃಹದಾಕಾರದ ಆ ಮೂರ್ತಿಗೆ ಅವಸರದಲ್ಲೇ ಕೈಮುಗಿದಳು. ಇನ್ನೇನು ಇಳಿಯಬೇಕು, ಹೊರಗೆ ಬಂಡೆಯ ಅಂಚಿಗೆ ಬಂದವಳು ನಿಂತುಬಿಟ್ಟಳು. ಕೆಳಗೆ ಕಲ್ಯಾಣಿಯ ನೀರು, ಅದರಾಚೆ ತೆಂಗಿನ ತೋಟ, ಕೆರೆ, ಹೊಲ, ಮತ್ತೆ ಕೆರೆ, ಕೊನೆಗೆ ಎಲ್ಲಿ ನೆಲ ಮುಗಿದು ಎಲ್ಲಿ ಆಕಾಶ ಹುಟ್ಟಿತೆಂದು ತಿಳಿಯದ ಬಿಳುಪು. ಹತ್ತು ಹೆಜ್ಜೆಯ ಅಡುಗೆಮನೆಯಲ್ಲಿ ತಿರುಗುತ್ತಿದ್ದ ಕಣ್ಣು ಅಷ್ಟು ದೂರ ಹೋಗಿ ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ಉಳಿಯಿತು. ಅವಳು ಮೆಲ್ಲಗೆ ಕೂತಳು.

"ಮಂಜಪ್ಪ ಯೋಳ್ತಿದ್ದನಲ್ಲ, ಸಮುದ್ರ... ಇದಕ್ಕಿಂತ್ಲೂ ದೊಡ್ಡದಿರ್ತದಾ ಪುಟ್ಟಿ?"

"ಅದಕ್ಕೆ ಆಚೆ ದಡಾನೇ ಇಲ್ವಂತೆ ಅಮ್ಮ."

"ದಡ ಇಲ್ದೇ ಇರೋದನ್ನ ನಾನು ನೋಡೇ ಇಲ್ಲ ಕಣೇ. ನಮ್ ಹೊಳೇಲಿ ಆಚೆ ದಡದಲ್ಲಿ ಬಟ್ಟೆ ಒಗ್ಯೋರ ಮಾತೂ ಕೇಳ್ತದೆ."

ಕೆಳಗಿನಿಂದ ಹಾರನ್ ಕೇಳಿತು. ನಾನು ಎದ್ದೆ. ನಮ್ಮ ಬಸ್ಸಿನವರೆಲ್ಲ ಸೆರಗು ಪಂಚೆ ಹಿಡಿದುಕೊಂಡು ಇಳಿಯುತ್ತಿದ್ದರು. ಇನ್ನೊಮ್ಮೆ ಊದಿದರು. ಅವಳ ಕೈ ನೋಡಿದೆ, ಎರಡೂ ಕೈಯ ಬೆರಳುಗಳು ಮಡಿಲಲ್ಲಿ ಸುಮ್ಮನಿದ್ದವು.

"ಅಮ್ಮ, ಹಾರನ್ನು!"

"ಊದ್ಲಿ," ಎಂದಳು ಅಮ್ಮ.

ನಮಗಾಗಿ ಇಡೀ ಬಸ್ಸು ಕಾದಿತ್ತು. ಗೈಡ್ ನಮ್ಮನ್ನು ಹೊರಗಿನವರೆಂದು ತಿಳಿದಿದ್ದರಿಂದ ಬೈಗುಳ ಮರ್ಯಾದೆಯಲ್ಲೇ ಮುಗಿಯಿತು. ಚನ್ನರಾಯಪಟ್ಟಣದಲ್ಲಿ ಇಳಿದಾಗ ನಮ್ಮೂರ ಬಸ್ಸು ಹೊರಟುಹೋಗಿತ್ತು. ಮುಂದಿನ ಬಸ್ಸಿಗೆ ಕಾಯುವಷ್ಟೂ ಹೊತ್ತು ಅಮ್ಮ ನಿಲ್ದಾಣದ ಉದ್ದಗಲ ನಡೆದಳು. ಬೆಟ್ಟದ ಮೇಲೆ ಕೂತವಳು ಇವಳೇ ಎಂದರೆ ನಂಬುವಂತಿರಲಿಲ್ಲ. "ಈಗ ಕೂಗ್ತಾ ಇರ್ತದೆ... ಈಗ ಹಗ್ಗ ಜಗ್ತಾ ಇರ್ತದೆ..." ಎಂದು ತನಗೆ ತಾನೇ ಹೇಳಿಕೊಳ್ಳುವಳು. ಅಪ್ಪ ಏನೋ ಸಮಾಧಾನ ಹೇಳಲು ಬಂದು, ಅವಳ ಮುಖ ನೋಡಿ, ಕಡಲೆಕಾಯಿ ಕೊಳ್ಳಲು ಹೋದರು. ನಮ್ಮ ಬೀದಿ ಮುಟ್ಟುವಾಗ ಜಗಲಿಯ ಗೂಡಿನಲ್ಲಿ ದೀಪ ಹತ್ತಿತ್ತು. ಅಮ್ಮ ಓಡುತ್ತಲೇ ನಡುಮನೆ ದಾಟಿದಳು.

ಕೊಟ್ಟಿಗೆ ನಿಶ್ಶಬ್ದವಾಗಿತ್ತು. ಚೆಲುವಿ ಮೆಲುಕು ಹಾಕುತ್ತಿತ್ತು. ಅದರ ಪಕ್ಕದಲ್ಲಿ, ಮೂಲೆಗೆ ಒತ್ತಿಕೊಂಡು, ಅಮ್ಮನ ಹಸಿರು ಸೀರೆಯನ್ನು ಕಚ್ಚೆಯೂ ಅಲ್ಲದ ನಿರಿಗೆಯೂ ಅಲ್ಲದ ಒಂದು ವಿಧಾನದಲ್ಲಿ ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಮೀಸೆ ಸಮೇತ ಚಿಕ್ಕಪ್ಪ ನಿಂತಿದ್ದ. ಹಿತ್ತಿಲ ಬೇಲಿಯ ಮೇಲೆ ನೆರೆಮನೆಯವರ ತಲೆಗಳು ಕಾಣುತ್ತಿದ್ದರಿಂದ ಅವನಿಗೆ ಹೊರಬರಲು ದಾರಿಯಿರಲಿಲ್ಲ.

"ಅತ್ಗೆ, ನಗ್ಬ್ಯಾಡಿ. ಅವ್ವ ಉಡ್ಸ್‌ಬುಟ್ಲು," ಎಂದ.

"ಎಮ್ಮೆ ಅರಚ್ಕತಿತ್ತು ಕಣವ್ವ, ಇನ್ನೇನ್ ಮಾಡ್ಲಿ?" ಅಜ್ಜಿ ಹಾಲಿನ ಚೆಂಬು ತಂದು ಅಮ್ಮನ ಮುಂದೆ ಹಿಡಿದಳು. ಕಂಠದವರೆಗೂ ನೊರೆಯಿತ್ತು. "ಮದ್ಲು ಮೂಸ್ತು, ಆಮೇಲೆ ಸುಮ್ಕೆ ನಿಂತ್ಕತು. ನೋಡು, ಒಂದ್ ತೊಟ್ಟೂ ಕಮ್ಮಿ ಇಲ್ಲ. ಈ ದಡ್ಡ ಮುಂಡೇದನ್ನೇ ನೀನು ಅನ್ಕಂಬುಡ್ತು!"

ಅಪ್ಪ ನಕ್ಕರು, ಬೇಲಿಯ ಮೇಲಿನ ತಲೆಗಳು ನಕ್ಕವು. ಅಮ್ಮ ನಗಲಿಲ್ಲ. ಚೆಂಬಿನೊಳಗೆ ನೋಡಿದಳು. ಹತ್ತಿರ ಹೋಗಿ ಚೆಲುವಿಯ ಹಣೆ ಸವರಿದಳು. ಅದು ಮದುವೆಯ ಸೀರೆಯನ್ನು ಒಮ್ಮೆ ಮೂಸಿ, ಕರ್ಪೂರದ ಗುಳಿಗೆಯ ವಾಸನೆಗೆ ಮೂತಿ ತಿರುಗಿಸಿ, ಚಿಕ್ಕಪ್ಪನ ಹಸಿರು ಸೆರಗನ್ನು ನೆಕ್ಕತೊಡಗಿತು. ಅಷ್ಟು ವರ್ಷ ಅವಳನ್ನು ಧಾರೆಯ ಮನೆಯಿಂದ, ಊಟದ ಎಲೆಯಿಂದ ಎಬ್ಬಿಸಿ ತಂದ ಎಮ್ಮೆಗೆ ಗಳುವಿನ ಮೇಲಿನ ಆ ಸೀರೆಯೊಂದೇ ಸಾಕಾಗುತ್ತಿತ್ತು. ಅವಳ ಮುಖದಲ್ಲಿ ಮೊದಲು ಬಂದದ್ದು ಅಳುವೆಂದು ನಾನು ಹೆದರಿದೆ. ಅದು ಬಂದ ಹಾಗೆ ಬಂದು ಬೇರೇನೋ ಆಗಿ ಹೋಯಿತು. ಚಿಕ್ಕಪ್ಪ ಅವಸರದಲ್ಲಿ ಗಂಟು ಬಿಚ್ಚತೊಡಗಿದ್ದ.

"ತಗೊಳ್ಳಿ ಅತ್ಗೆ ನಿಮ್ ಸೀರೆ. ಒಗ್ದು ಕೊಡ್ಸ್‌ತೀನಿ."

"ಒಗೀಬ್ಯಾಡ ಮಂಜಪ್ಪ," ಎಂದಳು ಅಮ್ಮ. "ಅಂಗೇ ಮಡಚಿ ನಿನ್ ಹತ್ರಾನೇ ಇಟ್ಕೊ. ಅದೇನಂದೆ, ಆ ಸಮುದ್ರದ ಬಸ್ಸು ನಾಲ್ಕು ದಿನದ್ದಾ?"